ಅಂಗಿಯಡಿ ಕಾಣದಂಥದ್ದು

ಏಪ್ರಿಲ್ 3, ಗುರುವಾರ

ಬರೆಯುವುದೆಂದರೆ ನನಗಾಗದು. ಹನ್ನೊಂದನೇ ಕ್ಲಾಸಿನ ನಡುವೆ ಸ್ಕೂಲು ಬಿಟ್ಟದ್ದೇ ಈ ಕಾಟ ತಪ್ಪಲಿ ಎಂದು. ಈಗ ಚರ್ಚಿನ ನೆಲಮಾಳಿಗೆಯಲ್ಲಿ ಕೋಪದ ಕ್ಲಾಸು ನಡೆಸುವ ಹೆಂಗಸು, "ಡೆಸಾ, ಯಾರಿಗಾದ್ರೂ ಹೊಡೀಬೇಕು ಅನ್ಸಿದಾಗೆಲ್ಲ ಕೂತು ಬರಿ" ಎಂದಿದ್ದಾಳೆ. ಹಾಗೆ ಬರೆದರೆ ಓಕ್ಲಹೋಮಾದಲ್ಲಿರುವ ಕಾಗದವೆಲ್ಲ ನನಗೇ ಬೇಕಾಗುತ್ತದೆ.

ಕ್ಲಾಸಿಗೆ ಕಳಿಸಿದ್ದು ಜಡ್ಜು. ನಾನು ಡ್ಯಾರಿಲ್‌ನ ಪಿಕಪ್ಪಿನ ಗಾಜುಗಳನ್ನೆಲ್ಲ ಟೈರು ಬಿಚ್ಚುವ ಸಲಾಕೆಯಿಂದ ಒಡೆದೆ, ಅದಕ್ಕೆ. ಡ್ಯಾರಿಲ್ ಏನು ಒಡೆದ? ನನ್ನ ಅಕ್ಕ ಶೆಲ್ಬಿಯ ದವಡೆ. ಅವನಿಗೆ ಕೌಂಟಿ ಜೈಲು, ನನಗೆ ಕೋಪದ ಕ್ಲಾಸು. ಎರಡೂ ಮೇ ತಿಂಗಳಲ್ಲಿ ಮುಗಿಯುತ್ತವೆ.

ಶೆಲ್ಬಿಯೂ ಅವಳ ಮಗಳು ಬರ್ಡಿಯೂ ಈಗ ನಮ್ಮ ಜೊತೆಗೇ, ಅಜ್ಜಿಯ ಮನೆಯಲ್ಲಿ ಇದ್ದಾರೆ. ಬರ್ಡಿಗೆ ನಾಲ್ಕು ವರ್ಷ. ಡ್ಯಾರಿಲ್ ಜೈಲಿನ ಫೋನಿನಲ್ಲಿ ಹೇಳಿದ್ದು: "ಹೊರಗೆ ಬಂದ ದಿನಾನೇ ನನ್ನ ಮಗಳನ್ನ ಎತ್ಕೊಂಡು ಹೋಗ್ತೀನಿ. ಯಾವಳು ಅಡ್ಡ ನಿಲ್ತಾಳೋ ನೋಡೇ ಬಿಡ್ತೀನಿ." ಕೋರ್ಟು ಅವನು ನಮ್ಮ ಹತ್ತಿರ ಸುಳಿಯಬಾರದು ಎಂದು ಕಾಗದ ಕೊಟ್ಟಿದೆ. ಅಜ್ಜಿ ಅದನ್ನು ಫ್ರಿಜ್ಜಿಗೆ ಆಯಸ್ಕಾಂತದಲ್ಲಿ ಅಂಟಿಸಿದ್ದಾಳೆ. ಅವನು ಬಂದರೆ ಫ್ರಿಜ್ಜು ಎದ್ದು ಹೋಗಿ ತಡೆಯುತ್ತದೆಯೇ? ಷೆರಿಫ್ ಆಫೀಸಿಗೆ ಫೋನು ಮಾಡಿದರೆ ಅವರು ಬರುವಷ್ಟರಲ್ಲಿ ಅಡುಗೆ ಮಾಡಿ ಉಂಡು ಪಾತ್ರೆ ತೊಳೆದಿಡಬಹುದು.

ಹೋದ ತಿಂಗಳು ನನಗೆ ಇಪ್ಪತ್ತೊಂದಾಯಿತು. ಪಿಸ್ತೂಲು ಕೊಳ್ಳಲು ಅಷ್ಟು ವಯಸ್ಸಾದರೆ ಸಾಕು, ಇನ್ನು ಕೇಳುವವರಿಲ್ಲ. ಒಂದು ತರುತ್ತೇನೆ. ಚಿಕ್ಕದು, ಅಂಗಿಯ ಕೆಳಗೆ ಕಾಣದಂಥದ್ದು. ಒಂದು ಮಧ್ಯಾಹ್ನದ ಕೆಲಸ.

ಏಪ್ರಿಲ್ 5, ಶನಿವಾರ

ಒಂದು ಮಧ್ಯಾಹ್ನದ ಕೆಲಸ ಅಲ್ಲ.

ಹಾಲಿಸ್‌ನ ಅಂಗಡಿಗೆ ಹೋದೆ. ಮೀನಿನ ಗಾಳ, ಜಿಂಕೆಯ ತಲೆ, ಕೆಳಗೆ ಗಾಜಿನ ಪೆಟ್ಟಿಗೆಯ ತುಂಬ ಪಿಸ್ತೂಲು. ಹಾಲಿಸ್ ನನ್ನ ಅಜ್ಜನ ಜೊತೆ ಬೇಟೆಗೆ ಹೋಗುತ್ತಿದ್ದವನು. ನನ್ನನ್ನು ಕಂಡ ಕೂಡಲೇ ಕೆಳಗಿನಿಂದ ಏನೋ ತೆಗೆದು ಬಟ್ಟೆಯ ಮೇಲಿಟ್ಟ. ಗುಲಾಬಿ ಬಣ್ಣದ್ದು.

"ಇದೇನು ಹಾಲಿಸ್, ಹುಟ್ಟಿದಹಬ್ಬದ ಕೇಕಾ?"

"ಹೆಣ್ಮಕ್ಕಳು ಇದನ್ನೇ ಇಷ್ಟಪಡ್ತಾರೆ ಪುಟ್ಟಿ. ಹಗುರ. ಪರ್ಸಲ್ಲಿ ಹಾಕ್ಕೊಂಡ್ರೆ ಇದೆ ಅಂತಾನೇ ಗೊತ್ತಾಗಲ್ಲ."

"ಡ್ಯಾರಿಲ್ ಬಂದಾಗ 'ಒಂದ್ನಿಮಿಷ ತಡಿ, ಪರ್ಸ್ ಹುಡುಕ್ತಾ ಇದೀನಿ' ಅನ್ಲಾ?"

ಪಕ್ಕದಲ್ಲಿ ಗಾಳ ನೋಡುತ್ತಿದ್ದ ಮುದುಕ ನಕ್ಕ. ಹಾಲಿಸ್ ಗಡ್ಡ ಕೆರೆದುಕೊಂಡು ಇನ್ನೊಂದು ತೆಗೆದ. ಗಿಡ್ಡ ಮೂತಿಯ ರಿವಾಲ್ವರ್. ಐದೇ ಗುಂಡು. "ಇದು ಸರಳ. ಕೆಡೋದಿಲ್ಲ. ಕುದುರೆ ಎಳಿ, ಢಂ, ಅಷ್ಟೇ." ಖಾಲಿಯದನ್ನು ಎಳೆದು ನೋಡಿದೆ. ತುಕ್ಕು ಹಿಡಿದ ನಲ್ಲಿ ತಿರುಗಿಸಿದ ಹಾಗಿತ್ತು. ಆಮೇಲೆ ಒಂಬತ್ತು ಮಿಲಿಮೀಟರಿನವು ಬಂದವು. ಅಂಗೈಯಗಲದ್ದು, ಅದಕ್ಕಿಂತ ಬೆರಳಗಲ ದೊಡ್ಡದು, ಇನ್ನೂ ಬೆರಳಗಲ ದೊಡ್ಡದು. "ಮೇಲಿನ ಸ್ಲೈಡು ಹಿಂದಕ್ಕೆ ಎಳೆಯೋಕೆ ಹೆಂಗಸರಿಗೆ ಕಷ್ಟ," ಎಂದ. ನಾನು ಇಡೀ ದಿನ ಪಿಕಪ್ಪಿನ ಟೈರು ಎತ್ತುವವಳು. ಮೂರನ್ನೂ ಎಳೆದು ತೋರಿಸಿದೆ. "ಸರಿ ಸರಿ, ಕೋಪ ಮಾಡ್ಕೋಬೇಡ" ಎಂದ.

"ಯಾವುದು ತಗೊಳ್ಳಲಿ? ನೀನೇ ಹೇಳು."

"ಬಚ್ಚಿಡೋಕೆ ಸುಲಭ ಆದದ್ದು ಹೊಡೆಯೋಕೆ ಕಷ್ಟ. ಹೊಡೆಯೋಕೆ ಸುಲಭ ಆದದ್ದು ಬಚ್ಚಿಡೋಕೆ ಕಷ್ಟ. ನಡುವೆ ನಿನಗೆ ಯಾವುದು ಒಗ್ಗುತ್ತೋ ಅದು."

"ಇದು ಉತ್ತರ ಅಲ್ಲ."

"ನಲವತ್ತು ವರ್ಷದಿಂದ ಇದನ್ನೇ ಹೇಳ್ಕೊಂಡು ಹೊಟ್ಟೆ ಹೊರ್ಕೊಂಡಿದೀನಿ ಪುಟ್ಟಿ."

ಬರಿಗೈಯಲ್ಲಿ ಬಂದೆ.

ಏಪ್ರಿಲ್ 8, ಮಂಗಳವಾರ

ಟೈರು ಅಂಗಡಿಯಲ್ಲಿ ಬಾಯಿ ಬಿಟ್ಟದ್ದೇ ತಪ್ಪು. ಈ ಊರಿನಲ್ಲಿ ಗಂಡಸರಿಗೆ ಹೆಂಡತಿ ಯಾವಾಗ ಹುಟ್ಟಿದಳು ಎಂಬುದು ನೆನಪಿರುವುದಿಲ್ಲ, ಪಿಸ್ತೂಲಿನ ವಿಷಯ ಬಂದರೆ ವೇದಾಂತ. ನಮ್ಮ ಯಜಮಾನ ಗಸ್ ಹೇಳುತ್ತಾನೆ ಬಲ ಸೊಂಟದ ಹಿಂದೆ ಕಟ್ಟಿಕೋ ಎಂದು. ಗಾಳಿ ತುಂಬಿಸಲು ಬಂದ ಪಾದ್ರಿ ಹೇಳುತ್ತಾನೆ ಹೊಟ್ಟೆಯ ಮುಂದೆ ಎಂದು. ಪಾದ್ರಿ! ಅವನ ಹೊಟ್ಟೆಯ ಮುಂದೆ ಒಂದು ಇತ್ತಂತೆ, ಹೋದ ವರ್ಷ ಈಸ್ಟರಿನ ಪ್ರಸಂಗದ ಹೊತ್ತಿಗೂ. ಬ್ರೆಡ್ ವ್ಯಾನಿನವನು ಕಾಲಿನ ಗಿಣ್ಣು ಎನ್ನುತ್ತಾನೆ. "ಡ್ಯಾರಿಲ್ ಬಂದಾಗ ಶೂ ಲೇಸ್ ಕಟ್ಟೋ ಹಂಗೆ ಬಗ್ಗು." ಅವನ ಟೈರಿನ ನಟ್ಟು ಬೇಕೆಂದೇ ಬಿಗಿಯಾಗಿ ತಿರುಗಿಸಿದೆ.

ಒಬ್ಬನೂ ಶೆಲ್ಬಿ ಹೇಗಿದ್ದಾಳೆ ಎಂದು ಕೇಳಲಿಲ್ಲ.

ಏಪ್ರಿಲ್ 12, ಶನಿವಾರ

ಹಾಲಿಸ್‌ನ ಹೆಂಡತಿ ನೆಲ್ಡಾ ಅಂಗಡಿಯ ಹಿಂದೆ ಮಣ್ಣಿನ ದಿಬ್ಬದ ಎದುರು ಗುರಿ ಹೊಡೆಸುತ್ತಾಳೆ. ಮೊದಲು ಸ್ಕೂಲ್ ಬಸ್ ಓಡಿಸುತ್ತಿದ್ದಳು. ನನ್ನನ್ನು ಎರಡು ಸಲ ಬಸ್ಸಿನಿಂದ ಇಳಿಸಿದ್ದಾಳೆ, ಕಿತಾಪತಿಗೆ. ಅವಳಿಗೂ ನೆನಪಿದೆ.

ಎಲ್ಲಕ್ಕಿಂತ ಚಿಕ್ಕದನ್ನು ಮೊದಲು ಹೊಡೆದೆ. ಹೆಬ್ಬೆರಳಿನ ಬುಡ ಕಿತ್ತು ರಕ್ತ ಬಂತು. ಕಾಗದದ ಮನುಷ್ಯನಿಗೆ ಒಂದು ಗುಂಡೂ ತಾಗಲಿಲ್ಲ.

"ಚಿಕ್ಕ ನಾಯಿನೇ ಜಾಸ್ತಿ ಕಚ್ಚೋದು," ಎಂದಳು ನೆಲ್ಡಾ. "ಹಿಡಿಯೋಕೆ ಜಾಗ ಇಲ್ಲ, ಒದೆಯೋದು ಮಾತ್ರ ದೊಡ್ಡದರಷ್ಟೇ."

ನಡುವಿನದು ಪರವಾಗಿಲ್ಲ. ದೊಡ್ಡದರಲ್ಲಿ ಎಲ್ಲವೂ ಎದೆಗೇ ಹೋದವು. ಆದರೆ ಅದನ್ನು ಸೊಂಟಕ್ಕೆ ಸಿಕ್ಕಿಸಿ ಅಂಗಿ ಇಳಿಬಿಟ್ಟರೆ ಸೊಂಟದಲ್ಲಿ ಇಟ್ಟಿಗೆ ಇಟ್ಟುಕೊಂಡವಳ ಹಾಗೆ ಕಾಣುತ್ತೇನೆ.

ಕೊನೆಗೆ ನೆಲ್ಡಾ ಕಿವಿಯ ಮುಚ್ಚಳ ತೆಗೆದು ನನ್ನ ಎದುರು ಬಂದು ನಿಂತಳು. "ಯಾವುದು ಬೇಕಾದ್ರೂ ತಗೋ ಡೆಸಾ. ಆದ್ರೆ ಒಂದು ಕೇಳು. ಇದು ಸೊಂಟಕ್ಕೆ ಬಂದ ದಿನದಿಂದ ಜಗಳ ಅನ್ನೋದ್ರಲ್ಲೆಲ್ಲ ನೀನೇ ಸೋಲ್ಬೇಕು. ಯಾರಾದ್ರೂ ಬೈದ್ರೆ ಸಾರಿ ಅಂತ ಹೇಳಿ ನಡಿ. ದಾರಿಗೆ ಅಡ್ಡ ಬಂದ್ರೆ ದಾರಿ ಬಿಡು. ಯಾಕೆ ಅಂದ್ರೆ ಇನ್ಮೇಲೆ ನೀನಿರೋ ಪ್ರತಿ ಜಗಳದಲ್ಲೂ ಒಂದು ಪಿಸ್ತೂಲು ಇರುತ್ತೆ. ನೀನೇ ತಂದಿರ್ತೀಯ."

"ಹಂಗಾದ್ರೆ ಇದನ್ನ ಇಟ್ಕೊಳ್ಳೋದು ಯಾಕೆ?"

"ಅದನ್ನೇ ನಾನೂ ಕೇಳ್ತಿರೋದು. ಯಾಕೆ?"

ಡ್ಯಾರಿಲ್ ಬರುತ್ತಾನೆ, ಅದಕ್ಕೆ. ಇಷ್ಟು ದೊಡ್ಡವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ.

ಏಪ್ರಿಲ್ 15, ಮಂಗಳವಾರ

ನಡುವಿನದೋ ದೊಡ್ಡದೋ. ಸೊಂಟವೋ ಹೊಟ್ಟೆಯೋ. ತಲೆ ಕೆಟ್ಟುಹೋಗಿದೆ. ಫೋನಿನಲ್ಲಿ ಹುಡುಕಿದರೆ ಸಾವಿರ ಜನ ಸಾವಿರ ಹೇಳುತ್ತಾರೆ, ಎಲ್ಲರೂ ಕೂಗುತ್ತಾರೆ.

ಏಪ್ರಿಲ್ 19, ಶನಿವಾರ

ತಂದೆ. ನಡುವಿನದು. ಕಪ್ಪು. ಜೊತೆಗೆ ಪ್ಯಾಂಟಿನ ಒಳಗೆ ಸಿಕ್ಕಿಸುವ ಒರೆ, ದಪ್ಪ ಬೆಲ್ಟು, ಎರಡು ಅಳತೆ ದೊಡ್ಡದಾದ ಗಂಡಸರ ಅಂಗಿಗಳು.

ಮಲಗುವ ಕೋಣೆಯ ಕನ್ನಡಿಯ ಎದುರು ನಿಂತು ಹಾಕಿಕೊಂಡೆ, ತೆಗೆದೆ. ಮತ್ತೆ ಹಾಕಿಕೊಂಡೆ. ಅಜ್ಜಿ ಬಾಗಿಲಲ್ಲಿ ನಿಂತು ಬೆಂಡೆಕಾಯಿ ಹೆಚ್ಚುವ ಚಾಕು ಹಿಡಿದುಕೊಂಡೇ ನೋಡುತ್ತಿದ್ದಳು.

"ನಿಮ್ಮಜ್ಜಂದು ಬಂದೂಕು ಪಿಕಪ್ಪಿನ ಹಿಂದಿನ ಗಾಜಿಗೆ ನೇತಾಡ್ತಿತ್ತು. ಊರೆಲ್ಲಾ ನೋಡ್ತಿತ್ತು. ನೀನು ಯಾಕೆ ಬಚ್ಚಿಡ್ತೀಯ?"

"ಅವನಿಗೆ ಗೊತ್ತಾಗಬಾರದು ಅಜ್ಜಿ."

"ಗೊತ್ತಾದ್ರೆ ಬರಲ್ಲ. ಗೊತ್ತಾಗದಿದ್ರೆ ಬರ್ತಾನೆ. ಬರ್ಲಿ ಅಂತಾನಾ ನೀನು ಕಾಯ್ತಿರೋದು?"

"ಅಡುಗೆ ಸೀದ್‌ಹೋಗ್ತಿದೆ ಹೋಗು."

"ಬಗ್ಗು ನೋಡೋಣ." ಬಗ್ಗಿದೆ. "ಕಾಣುತ್ತೆ," ಎಂದಳು. "ಕೋಳಿ ನುಂಗಿದ ಹಾವಿನ ಹಂಗೆ."

ದವಡೆಗೆ ಹಾಕಿದ್ದ ತಂತಿ ಬಿಚ್ಚಿದ ಮೇಲೂ ಶೆಲ್ಬಿ ಬಾಯಿ ಪೂರ್ತಿ ತೆರೆಯುವುದಿಲ್ಲ. ಅದನ್ನು ಎಲ್ಲಿಡುತ್ತೀಯ ಎಂದಷ್ಟೇ ಕೇಳಿದಳು. "ನನ್ನ ಮೈಮೇಲೆ ಇಲ್ಲಾಂದ್ರೆ ಬೀಗದ ಡಬ್ಬೀಲಿ" ಎಂದೆ. ತಲೆಯಾಡಿಸಿದಳು. ಇವಳಿಗೋಸ್ಕರ ಮಾಡುತ್ತಿದ್ದೇನೆ ಎಂಬುದಾದರೂ ಗೊತ್ತಿದೆಯೋ ಇಲ್ಲವೋ.

ಏಪ್ರಿಲ್ 24, ಗುರುವಾರ

ಹೊಟ್ಟೆಯ ಮುಂದೆ ಇಟ್ಟರೆ ಟೈರಿನ ಎದುರು ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ. ಬಲ ಸೊಂಟಕ್ಕೇ ಬಂದೆ. ಚರ್ಮ ಕೆಂಪಗೆ ಉಜ್ಜಿಹೋಗಿದೆ. ಅಭ್ಯಾಸವಾಗುತ್ತದಂತೆ.

ಬರ್ಡಿ ಓಡಿಬಂದು ಎತ್ತಿಕೋ ಎಂದಳು. ಅವಳು ಯಾವಾಗಲೂ ನನ್ನ ಬಲ ಸೊಂಟದ ಮೇಲೆ ಕೂರುವವಳು. ಎಡಕ್ಕೆ ಎತ್ತಿಕೊಂಡೆ. "ಈ ಕಡೆ ಅಲ್ಲ, ಆ ಕಡೆ" ಎಂದು ಕಿರುಚಿದಳು. ಇಳಿಸಿಬಿಟ್ಟೆ. ಎಡಗಡೆ ಕೂರುವುದನ್ನು ಕಲಿಯಲಿ. ಮಕ್ಕಳು ಬೇಗ ಕಲಿಯುತ್ತವೆ.

ಮೇ 1, ಗುರುವಾರ

ಇವತ್ತು ಒಬ್ಬ ಗಿರಾಕಿ, ಜಾನುವಾರು ಸಾಗಿಸುವವನು, ಟೈರು ಸಮ ಕೂತಿಲ್ಲ ಎಂದು ಅಂಗಡಿಯ ತುಂಬ ಕೇಳುವ ಹಾಗೆ "ಹೆಂಗಸ್ರ ಕೈಗೆ ಪಾನಾ ಕೊಟ್ರೆ ಇನ್ನೇನಾಗುತ್ತೆ" ಎಂದ. ಟೈರು ಸಮವಾಗಿಯೇ ಇತ್ತು. ನಾನು ಸಾರಿ ಎಂದೆ. ಬಿಚ್ಚಿ ಮತ್ತೆ ಕೂರಿಸಿದೆ.

ಗಸ್ ಬಂದು ನನ್ನ ಹಣೆ ಮುಟ್ಟಿ ನೋಡಿದ. "ಜ್ವರಾನಾ?"

"ಏನಿಲ್ಲ."

"ಹೋದ ವರ್ಷ ಆಗಿದ್ರೆ ನೀನು ಅವನನ್ನೇ ಆ ಟೈರೊಳಗೆ ಕೂರಿಸಿ ಗಾಳಿ ತುಂಬಿಸ್ತಿದ್ದೆ."

ನೆಲ್ಡಾ ಹೇಳಿದ್ದನ್ನೇ ಮಾಡಿದೆ. ಒಳ್ಳೆಯದೇ. ಕೋಪದ ಕ್ಲಾಸಿನ ಹೆಂಗಸಿಗೂ ಖುಷಿಯಾಗುತ್ತದೆ. ಆದರೆ ಆಮೇಲೆ ಮುಂದಿನ ಗಾಡಿಯ ನಟ್ಟನ್ನು ಮೂರು ಸಲ ಬೀಳಿಸಿದೆ. ಕೋಪ ಬಂದಾಗ ಹೀಗಾಗಿದ್ದು ನೆನಪಿಲ್ಲ. ಬೆಳಿಗ್ಗೆ ಏನೂ ತಿಂದಿರಲಿಲ್ಲ, ಅದಕ್ಕಿರಬೇಕು.

ಮೇ 4, ಭಾನುವಾರ

ಚರ್ಚಿಗೆ ಹೋದರೆ ಅಪ್ಪಿಕೊಳ್ಳುವವರ ಸಾಲು. ಈ ಊರಿನ ಮುದುಕಿಯರೆಲ್ಲ ಸೊಂಟಕ್ಕೇ ಕೈ ಹಾಕುವುದು. ಕೈ ಚಾಚಿ ಕೈಕುಲುಕಿದೆ. ಒಬ್ಬಳು "ಏನಮ್ಮ, ಎಲೆಕ್ಷನ್ನಿಗೆ ನಿಂತಿದೀಯ?" ಎಂದಳು.

ಕೊನೆಯ ಬೆಂಚಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತೆ. ಬಾಗಿಲು ಕಾಣಬೇಕು. ಅಜ್ಜಿ, ಶೆಲ್ಬಿ, ಬರ್ಡಿ ನಮ್ಮ ಮಾಮೂಲಿ ಬೆಂಚಿನಲ್ಲಿ, ಮುಂದೆ. ಹಾಡು ಯಾವುದು ಹಾಡಿದರೋ ಗೊತ್ತಿಲ್ಲ. ತಡವಾಗಿ ಬಂದವರನ್ನೆಲ್ಲ ನೋಡಿದೆ.

ಮನೆಗೆ ಬರುವಾಗ ಅಜ್ಜಿ ಹೇಳಿದಳು, "ನಿನ್ನ ಬಾಯಿ ಎಲ್ಲಿ ಹೋಯ್ತೇ? ನಾಲ್ಕು ದಿನದಿಂದ ಮನೇಲಿ ಯಾರೂ ನನ್ನ ಬೈದೇ ಇಲ್ಲ."

ಅಜ್ಜಿಗೆ ಏನೋ ಭ್ರಮೆ. ನಾನು ಮೊದಲಿನ ಹಾಗೇ ಇದ್ದೇನೆ. ಮಾತಾಡುವಂಥದ್ದು ಏನಿದೆ?

ಮೇ 10, ಶನಿವಾರ

ಬರೆಯಬಾರದೆಂದುಕೊಂಡಿದ್ದೆ.

ಹೆದ್ದಾರಿಯ ಬರ್ಗರ್ ಹೋಟೆಲಿಗೆ ಹೋಗಿದ್ದೆವು, ನಾನು, ಶೆಲ್ಬಿ, ಬರ್ಡಿ. ನನಗೆ ಕಕ್ಕಸಿಗೆ ಹೋಗಬೇಕಾಯಿತು. ಹೋದಾಗ ಆ ಒರೆಯ ಭಾರಕ್ಕೆ ಪ್ಯಾಂಟು ನೆಲಕ್ಕೇ ಜಾರುತ್ತದೆ, ಪಿಸ್ತೂಲು ಕಳಚಿ ಬಿದ್ದರೆ ಅಡ್ಡಗೋಡೆಯ ಕೆಳಗಿನಿಂದ ಪಕ್ಕದವಳ ಕಾಲ ಬಳಿ ಹೋಗುತ್ತದೆ. ಅದಕ್ಕೆ ತೆಗೆದು ಗೋಡೆಗಿದ್ದ ಒರೆಸುವ ಕಾಗದದ ಸುರುಳಿಯ ಡಬ್ಬಿಯ ಮೇಲೆ ಇಟ್ಟೆ. ಇಟ್ಟೆನೆಂಬುದು ಗೊತ್ತಿತ್ತು. ಅಷ್ಟರಲ್ಲಿ ಹೊರಗೆ ಯಾರೋ ಗಂಡಸು ಜೋರಾಗಿ ನಕ್ಕ. ಡ್ಯಾರಿಲ್‌ನ ನಗು. ಅವನು ಇನ್ನೂ ಜೈಲಿನಲ್ಲಿದ್ದಾನೆ, ಗೊತ್ತು. ಆದರೂ ಪ್ಯಾಂಟು ಎಳೆದುಕೊಂಡು ಓಡಿ ಬಂದೆ. ನಕ್ಕವನು ಯಾರೋ ಹಾಲಿನ ಲಾರಿಯವನು.

ಬರ್ಡಿ ನನಗೂ ಹೋಗಬೇಕು ಎಂದಳು. ಶೆಲ್ಬಿ ಕರೆದುಕೊಂಡು ಹೋದಳು. ನಾನು ಕರಿದ ಆಲೂಗಡ್ಡೆ ತಿನ್ನುತ್ತಾ ಕೂತಿದ್ದೆ. ಸೊಂಟ ಹಗುರವಾಗಿದೆ ಎಂದು ಹೊಳೆದಾಗ ಎದ್ದೆ. ಅಷ್ಟರಲ್ಲಿ ಶೆಲ್ಬಿ ಬಂದಳು. ಒಂದು ಕೈಯಲ್ಲಿ ಬರ್ಡಿ, ಇನ್ನೊಂದು ಕೈಯಲ್ಲಿ ಬರ್ಡಿಯ ಸ್ವೆಟರಿನಲ್ಲಿ ಸುತ್ತಿದ್ದು. ಕೌಂಟರಿನ ಹುಡುಗಿ ನೋಡಿದಳು. ಎಲ್ಲರೂ ನೋಡಿದರು. ಇಂಥದ್ದನ್ನು ಯಾವುದರಲ್ಲಿ ಸುತ್ತಿದರೂ ಅದು ಅದೇ ಎಂದು ಗೊತ್ತಾಗುತ್ತದೆ.

ಬರ್ಡಿ ಹೇಳಿದಳು, "ಡೆಸಾ, ನಿಂದು ಅಲ್ಲೇ ಬಿಟ್ಟಿದ್ದೆ. ನಾನೇ ಮೊದ್ಲು ನೋಡಿದ್ದು."

ಪಿಕಪ್ಪಿನಲ್ಲಿ ಶೆಲ್ಬಿ ಅದನ್ನು ಡಬ್ಬಿಯೊಳಗೆ ನಾನೇ ಹಾಕಿ ಬೀಗ ಹಾಕುವವರೆಗೆ ನೋಡಿದಳು. ಆಮೇಲೆ ಹೇಳಿದಳು. ಕೂಗಲಿಲ್ಲ.

"ಡ್ಯಾರಿಲ್ ನನ್ನ ದವಡೆ ಮುರಿದ. ಬರ್ಡಿ ತಲೆಗೂದಲು ಕೊಂಕಿಸಿಲ್ಲ ಯಾವತ್ತೂ."

"ನನ್ನನ್ನ ಅವನಿಗೆ ಹೋಲಿಸ್ತೀಯ?"

"ಹೋಲಿಸ್ತಾ ಇಲ್ಲ. ನಡೆದಿದ್ದು ಹೇಳ್ತಾ ಇದೀನಿ. ಅದು ಇನ್ನು ಮನೆ ಒಳಗೆ ಬರಲ್ಲ. ಬಂದ್ರೆ ನಾನು ಇವಳನ್ನ ಕರ್ಕೊಂಡು ಹೋಗ್ತೀನಿ."

"ಎಲ್ಲಿಗೆ?"

"ಗೊತ್ತಿಲ್ಲ."

ಬರ್ಡಿ ಅದನ್ನು ಮುಟ್ಟಿಲ್ಲ. ಮುಟ್ಟಿಲ್ಲವೆಂದು ಶೆಲ್ಬಿಯೇ ಹೇಳಿದಳು. ಆ ಎತ್ತರ ಅವಳ ಕೈಗೆ ಸಿಗುತ್ತಿತ್ತು, ಆದರೆ ಮುಟ್ಟಲಿಲ್ಲ.

ಮೇ 11, ಭಾನುವಾರ

ಅಮ್ಮಂದಿರ ದಿನ. ಚರ್ಚಿಗೆ ಹೋಗಲಿಲ್ಲ.

ಮೇ 15, ಗುರುವಾರ

ಅವನನ್ನು ಬಿಟ್ಟರು. ರಸ್ತೆಯಾಚೆ, ಹಳ್ಳದ ದಂಡೆಯಲ್ಲಿ ಅವನ ತಾಯಿ ವಾಂಡಾಳ ಟ್ರೇಲರ್ ಮನೆ ಇದೆ, ಅಲ್ಲಿಗೇ ಬಂದಿದ್ದಾನೆ. ನಮ್ಮ ಅಂಗಳದಿಂದ ಅದರ ತಗಡಿನ ಮಾಡು ಕಾಣುತ್ತದೆ. ಕೋರ್ಟಿನ ಕಾಗದಕ್ಕೆ ಇದು ಕಾಣುವುದಿಲ್ಲವೇ?

ಸಾಯಂಕಾಲ ಪೆಟ್ರೋಲ್ ಬಂಕಿನಲ್ಲಿ ಎದುರಿಗೇ ಸಿಕ್ಕಿದ. ತೆಳ್ಳಗಾಗಿದ್ದಾನೆ. ನನ್ನ ಮುಖ ನೋಡಲಿಲ್ಲ, ಸೊಂಟ ನೋಡಿದ. ಬರ್ಗರ್ ಹೋಟೆಲಿನ ಕಥೆ ಅವನಿಗೂ ತಲುಪಿದೆ.

"ಇವತ್ತು ಎಲ್ಲಿ ಮರೆತು ಬಂದೆ ಡೆಸಾ?" ಎಂದು ನಕ್ಕ. "ಬರ್ಡಿ ಹೆಂಗಿದಾಳೆ?"

"ನಿನಗ್ಯಾಕೆ?"

"ನನ್ನ ಮಗಳು ಕಣೇ. ಬರ್ತೀನಿ ಅಂತ ಹೇಳು ಅವಳಿಗೆ."

ಹೋದ ವರ್ಷವಾಗಿದ್ದರೆ ಪೆಟ್ರೋಲಿನ ಪೈಪಿನಿಂದಲೇ ಬಾರಿಸುತ್ತಿದ್ದೆ. ನಾನು ಪಿಕಪ್ಪಿನೊಳಗೆ ಕೂತು ಬಾಗಿಲಿನ ಲಾಕ್ ಒತ್ತಿದೆ. ನೆಲ್ಡಾ ಹೇಳಿದ್ದು ಸರಿಯೋ, ನನಗೆ ಹೆದರಿಕೆಯೋ, ಈಗ ಎರಡಕ್ಕೂ ವ್ಯತ್ಯಾಸ ತಿಳಿಯುತ್ತಿಲ್ಲ. ಪಿಸ್ತೂಲು ಪಕ್ಕದ ಸೀಟಿನ ಕೆಳಗೆ ಡಬ್ಬಿಯಲ್ಲಿತ್ತು. ಮನೆಯೊಳಗೆ ತರುವಂತಿಲ್ಲ, ಮನೆಗೇ ಅವನು ಬರುವುದು. ಮತ್ತೆ ಇದನ್ನು ಆರಿಸಿದ್ದು ಯಾತಕ್ಕೆ? ಚಿಕ್ಕದು ತಗೊಂಡಿದ್ದರೆ ಮರೆಯುತ್ತಿರಲಿಲ್ಲವೇ? ದೊಡ್ಡದಾಗಿದ್ದರೆ?

ಶೆಲ್ಬಿಗೆ ಹೇಳಿದೆ, ಸಿಕ್ಕಿದ್ದ ಎಂದು. ಬರುತ್ತೇನೆಂದನೆಂದು ಮಾತ್ರ ಹೇಳಲಿಲ್ಲ. ಅವಳು ಗ್ರೇವಿ ತಿರುವುತ್ತಲೇ ಇದ್ದಳು. ಗಂಟುಗಂಟಾಯಿತು.

ಮೇ 19, ಸೋಮವಾರ

ಕೈ ಇನ್ನೂ ಸರಿ ಇಲ್ಲ, ಅಕ್ಷರ ಸೊಟ್ಟ. ಪೂರ್ತಿ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆಗೆ ನನಗೇ ಬೇರೆ ಥರ ನೆನಪಾಗುತ್ತದೆ.

ಮಧ್ಯಾಹ್ನದಿಂದಲೇ ಆಕಾಶ ಹಸಿರು, ದೊಡ್ಡ ಬಿರುಗಾಳಿಗೆ ಮುಂಚೆ ಆಗುವ ಹಾಗೆ. ಗಸ್ ಬೇಗ ಅಂಗಡಿ ಮುಚ್ಚಿದ. ನಾನು ಮನೆಯ ಮುಂದೆ ಪಿಕಪ್ ನಿಲ್ಲಿಸಿದಾಗಲೇ ಸೈರನ್ ಶುರು. ಪ್ರತಿ ಶನಿವಾರ ಮಧ್ಯಾಹ್ನ ಪರೀಕ್ಷೆಗೆಂದು ಕೂಗಿಸುವುದಲ್ಲ, ಇವತ್ತು ಸೋಮವಾರ, ಸುಂಟರಗಾಳಿಯದೇ. ನೈಋತ್ಯದಲ್ಲಿ ಗೋಡೆಯಂಥ ಮೋಡ, ಅದರ ತಳ ಸುತ್ತುತ್ತಿತ್ತು.

ಶೆಲ್ಬಿ ಬರ್ಡಿಯನ್ನು ಎತ್ತಿಕೊಂಡು ಹಿತ್ತಲಿನಲ್ಲಿ ಸುಂಟರಗಾಳಿಗೆ ಅಡಗುವ ನೆಲಗುಳಿಗೆ ಓಡುತ್ತಿದ್ದಳು. ಅಜ್ಜಿ ಜಗುಲಿಯ ಮೇಲೆ ಒಂದೇ ಚಪ್ಪಲಿಯಲ್ಲಿ ನಿಂತಿದ್ದಳು, ಮೊಣಕಾಲು ಹಿಡಿದುಕೊಂಡು. ಡಬ್ಬಿಯ ಬೀಗದ ಕೈ ನನ್ನ ಕೈಯಲ್ಲೇ ಇತ್ತು. ಸೀಟಿನ ಕಡೆ ನೋಡಿದೆ, ಅಜ್ಜಿಯ ಕಡೆ ನೋಡಿದೆ. ಅಜ್ಜಿಯನ್ನು ಹೆಗಲಿಗೆ ಹಾಕಿಕೊಂಡು ಓಡಿದೆ. ಯೋಚನೆಯೇನೂ ಮಾಡಲಿಲ್ಲ.

ಗುಳಿಯೊಳಗೆ ಒಂದು ಬೆಂಚು, ಉಪ್ಪಿನಕಾಯಿ ಜಾಡಿಗಳು, ಒಂದು ಕಪ್ಪೆ. ಬಾಗಿಲು ಮೇಲೆ ಓರೆಯಾಗಿದೆ, ಕಬ್ಬಿಣದ್ದು. ಕೊಂಡಿ ಸಡಿಲ, ಅದಕ್ಕೆ ಹಗ್ಗ ಕಟ್ಟಿ ಒಳಗಿನಿಂದ ಒಬ್ಬರು ಎಳೆದು ಹಿಡಿಯಬೇಕು. ನನಗೇ ಶಕ್ತಿ ಜಾಸ್ತಿ. ಮೆಟ್ಟಿಲ ಮೇಲೆ ಕೂತು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡೆ. ಶೆಲ್ಬಿಯ ಫೋನಿನ ಬೆಳಕು ಬಿಟ್ಟರೆ ಕತ್ತಲೆ.

ಆಗ ಬಾಗಿಲು ಬಡಿದ ಸದ್ದು. ಆಲಿಕಲ್ಲು ಎಂದುಕೊಂಡೆ. ಮುಷ್ಟಿ.

"ಓಪಲ್ ಅಜ್ಜೀ! ತೆಗೀರಿ! ನಾನು ಡ್ಯಾರಿಲ್! ಅಮ್ಮ ಇದಾಳೆ ಜೊತೇಲಿ!"

ವಾಂಡಾ ನಾನು ಹುಟ್ಟುವ ಮೊದಲಿನಿಂದಲೂ ಪ್ರತಿ ಬಿರುಗಾಳಿಗೂ ನಮ್ಮ ಗುಳಿಗೇ ಬರುವವಳು. ಟ್ರೇಲರ್ ಗಾಳಿಗೆ ನಿಲ್ಲುವುದಿಲ್ಲ, ಅದರಲ್ಲಿರುವವರೆಲ್ಲ ಹತ್ತಿರದ ಗುಳಿಗೆ ಓಡಬೇಕು. ಬಂದವರನ್ನು ಯಾರೂ ಯಾರೆಂದು ಕೇಳುವುದಿಲ್ಲ. ಅಜ್ಜ ಒಮ್ಮೆ, ತನ್ನ ಹಸುಗಳನ್ನು ಕದ್ದವನನ್ನೇ ಇಳಿಸಿಕೊಂಡು ಕಾಫಿ ಕೊಟ್ಟಿದ್ದನಂತೆ.

"ತೆಗಿಯೇ," ಎಂದಳು ಅಜ್ಜಿ.

ಶೆಲ್ಬಿ ಬರ್ಡಿಯ ಎರಡೂ ಕಿವಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ತೆಗಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ.

ಎಷ್ಟು ದಿನದಿಂದ ಇದನ್ನೇ ಯೋಚಿಸಿದ್ದೆ. ಅವನು ಬಾಗಿಲಿಗೆ ಬರುತ್ತಾನೆ, ನಾನು ಒಳಗಿರುತ್ತೇನೆ. ಗುರಿ, ಕುದುರೆ, ಎದೆ, ಎಲ್ಲ. ಈಗ ಅವನು ಬಂದಿದ್ದ, ನಾನು ಒಳಗಿದ್ದೆ, ಪಿಸ್ತೂಲು ಪಿಕಪ್ಪಿನಲ್ಲಿ. ಬೇಕಾಗಿಯೂ ಇರಲಿಲ್ಲ. ಹಗ್ಗ ಬಿಡದಿದ್ದರೆ ಸಾಕಿತ್ತು.

"ಡೆಸಾ! ಅಮ್ಮ ಕಣೇ! ನನ್ನಮ್ಮ!"

"ತೆಗಿಯೇ ಹುಡುಗೀ!" ಅಜ್ಜಿ ನನ್ನ ಬೆನ್ನಿಗೆ ಗುದ್ದಿದಳು.

ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದೆ. ಇದನ್ನು ಬರೆಯಲೇಬೇಕು. ಹಿಡಿದುಕೊಂಡೇ ಇದ್ದೆ. ಆಮೇಲೆ ಬಿಟ್ಟೆ. ಗಾಳಿ ಬಾಗಿಲನ್ನು ಕಿತ್ತುಕೊಂಡಿತು, ಅವನು ನನ್ನ ಮೇಲೇ ಬಿದ್ದ, ಇಬ್ಬರೂ ಹಗ್ಗ ಹಿಡಿದು ನೇತಾಡಿ ಮತ್ತೆ ಮುಚ್ಚಿದೆವು.

"ವಾಂಡಾ ಎಲ್ಲೋ?" ಎಂದಳು ಅಜ್ಜಿ.

ಅವನು ಏದುಸಿರು ಬಿಡುತ್ತಿದ್ದ. "ತುಲ್ಸಾದಲ್ಲಿ. ಅತ್ತೆ ಮನೆಗೆ ಹೋಗಿದಾಳೆ."

"ಮತ್ತೆ ಇದಾಳೆ ಅಂದೆ?"

"ಇಲ್ಲ ಅಂದಿದ್ರೆ ಇವಳು ತೆಗೀತಿದ್ಲಾ?"

ಅವನ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಸರಿಯಲು ಜಾಗವಿರಲಿಲ್ಲ. ಒದ್ದೆ ನಾಯಿಯ ವಾಸನೆ. ಬರ್ಡಿ ಹೇಳಿದಳು, "ಡ್ಯಾಡಿ, ನಿನ್ನ ಹಣೇಲಿ ರಕ್ತ."

"ಏನಾಗಿಲ್ಲ ಚಿನ್ನ. ಬಾ ಇಲ್ಲಿ." ಎರಡೂ ಕೈ ಚಾಚಿದ.

"ಬೇಡ," ಎಂದಳು ಶೆಲ್ಬಿ.

ಮೆಲ್ಲಗೆ. ಮೇಲೆ ರೈಲು ಹೋಗುವಂಥ ಸದ್ದು, ಅದರಲ್ಲೂ ಕೇಳಿಸಿತು. ಅವನ ಕೈ ಗಾಳಿಯಲ್ಲೇ ಇತ್ತು. ಅದೇ ಹೊತ್ತಿಗೆ ನನ್ನ ಬಲಗೈ ತಾನಾಗಿಯೇ ಅಂಗಿಯ ಕೆಳಗೆ ಹೋಗಿ ಸೊಂಟ ಹಿಡಿಯಿತು. ಅಲ್ಲಿ ಏನೂ ಇರಲಿಲ್ಲ, ಬೆಲ್ಟು ಮಾತ್ರ. ಅವನು ನನ್ನ ಮೊಣಕೈಯ ಕಡೆ ನೋಡಿದನೋ, ಶೆಲ್ಬಿಯ ಮುಖದ ಕಡೆ ನೋಡಿದನೋ, ಫೋನಿನ ಬೆಳಕು ಅಷ್ಟು ಸಾಲದು. ಕೈ ಹಿಂದಕ್ಕೆ ತೆಗೆದುಕೊಂಡ. ಬಕೆಟ್ಟು ಬೋರಲು ಹಾಕಿ ಕೂತ. ಕಿವಿ ಕಿತ್ತುಬರುವಂತಾಯಿತು, ಜಾಡಿಗಳು ಒಡೆದವು, ಅಜ್ಜಿ ಪ್ರಾರ್ಥನೆ ಮಾಡುತ್ತಿದ್ದಳು, ಅವನೂ ಮಾಡಿದ.

ಸದ್ದು ನಿಂತ ಮೇಲೆ ಶೆಲ್ಬಿಯೇ ಹೇಳಿದಳು. "ಈಗ ಹೋಗು."

"ಶೆಲ್ಬಿ, ಒಂದ್ನಿಮಿಷ—"

"ಹೋಗು ಡ್ಯಾರಿಲ್."

ಹೋದ.

ಮೇ 20, ಮಂಗಳವಾರ

ನಮ್ಮ ಮನೆಯ ಮಾಡು ಅರ್ಧ ಹೋಗಿದೆ. ಪಿಕಪ್ ಪಲ್ಟಿ ಹೊಡೆದು ಬೇಲಿಯ ಮೇಲೆ ಮಲಗಿದೆ. ಡಬ್ಬಿ ಒಳಗೇ ಇರಬೇಕು, ಯಾರೂ ನೋಡಲು ಹೋಗಿಲ್ಲ. ಮಾಡಿನ ಮೇಲೆ ಹತ್ತಿ ಗಸ್ ಜೊತೆ ಟಾರ್ಪಾಲು ಹೊಡೆದೆ. ಅಲ್ಲಿಂದ ಹಳ್ಳದ ದಂಡೆ ಕಾಣುತ್ತದೆ. ವಾಂಡಾಳ ಟ್ರೇಲರ್ ಇದ್ದ ಕಡೆ ನಾಲ್ಕು ಸಿಮೆಂಟು ಕಂಬ, ಒಂದು ಮೆಟ್ಟಿಲು. ಉಳಿದದ್ದು ಹಳ್ಳದಾಚೆ ಮರಗಳಲ್ಲಿ ಸಿಕ್ಕಿಕೊಂಡಿದೆ.

ಅಮ್ಮ ಜೊತೆಯಲ್ಲಿಲ್ಲ ಎಂದು ನಿಜ ಹೇಳಿದ್ದರೆ ನಾನು ತೆಗೆಯುತ್ತಿದ್ದೆನೇ? ಬೆಳಿಗ್ಗೆಯಿಂದ ಕೇಳಿಕೊಂಡೆ. ಒಮ್ಮೆ ಹೌದೆನ್ನಿಸುತ್ತದೆ. ಮೊಳೆ ಹೊಡೆಯುವಾಗ ಇಲ್ಲವೆನ್ನಿಸುತ್ತದೆ.

ಶೆಲ್ಬಿ ಷೆರಿಫ್ ಆಫೀಸಿಗೆ ಫೋನು ಮಾಡಿದಳು, ಅವಳೇ. ಅವನು ಬಂದಿದ್ದ, ಮಗುವಿಗೆ ಕೈ ಚಾಚಿದ್ದ, ಬರೆದುಕೊಳ್ಳಿ ಎಂದಳು. ಅವರು ಇವತ್ತು ನೂರು ಕೆಲಸ ಇವೆ ಎಂದರೋ ಏನೋ, "ಕಾಯ್ತೀನಿ, ಲೈನಲ್ಲೇ ಇರ್ತೀನಿ" ಎಂದಳು. ಇದ್ದಳು.

ಮಧ್ಯಾಹ್ನ ಚರ್ಚಿನವರು ಕೊಟ್ಟ ಸ್ಯಾಂಡ್‌ವಿಚ್ ಹಿಡಿದು ಏಣಿ ಹತ್ತಿ ನನ್ನ ಪಕ್ಕ ಬಂದು ಕೂತಳು. ಅರ್ಧ ಮುರಿದು ಕೊಟ್ಟಳು. ಬಾಯಿ ದೊಡ್ಡದಾಗಿ ತೆರೆದು ಕಚ್ಚಿದಳು, ನೋವಾಯಿತೆಂದು ಕಾಣುತ್ತದೆ, ಆದರೂ ಅಗಿದಳು.

"ಡೆಸಾ."

"ಹ್ಮ್."

"ನಾನು ಬೇಡ ಅಂದೆ. ಒಂದೇ ಸಲ. ಅವನು ಕೈ ತೆಗೆದ." ಅವಳ ಕಣ್ಣು ಹೊಳೆಯುತ್ತಿತ್ತು. "ನಾನು ಅಂದಿದ್ದಕ್ಕೆ ತೆಗೆದ. ನೋಡಿದ್ಯಲ್ಲಾ?"

ಕೆಳಗೆ ಬರ್ಡಿ ಆಲಿಕಲ್ಲಿನ ಚೂರು ಹುಡುಕುತ್ತಿದ್ದಳು. ಆಗ ನನ್ನ ಕೈ ಅಂಗಿಯಡಿ ಸೊಂಟದಲ್ಲಿತ್ತೆಂದು ನನಗೊಬ್ಬಳಿಗೇ ಗೊತ್ತು. ಅವನಿಗೂ ಗೊತ್ತಿರಬಹುದು, ಇಲ್ಲದಿರಬಹುದು.

"ನೋಡಿದೆ ಕಣೇ," ಎಂದೆ.